ಅತ್ತೆಯ ಕುಟ್ಟಾಣಿಗೆ ಬಿದ್ದ ಏಡಿ

ಜಂಬ ಬಂದರೆ ಅದನ್ನು ಮುಚ್ಚಿಟ್ಟುಕೊಳ್ಳುವುದು ನನಗೆ ಬರುವುದಿಲ್ಲ. ನನ್ನ ಮೊಬೈಲಿನಲ್ಲಿ ಒಂದು ಮೀನಿನ ಫೋಟೋ ಇದೆ. ಮಧುಗಿರಿಯಲ್ಲಿ ಅದನ್ನು ನೋಡದವರು ಇನ್ನೂ ಯಾರಾದರೂ ಉಳಿದಿದ್ದರೆ ಅದು ನನ್ನ ತಪ್ಪಲ್ಲ. ಅವರು ನನ್ನನ್ನು ದೂರದಿಂದಲೇ ಕಂಡು ರಸ್ತೆ ದಾಟಿ ಹೋಗಿರಬೇಕು, ಅಷ್ಟೇ.

ಆ ಮೀನನ್ನು ನಾನು ಹಿಡಿದದ್ದು ಎರೆಹುಳುವಿನಿಂದಲ್ಲ, ಕಪ್ಪೆಮರಿಯಿಂದಲ್ಲ, ರಾಗಿಹಿಟ್ಟಿನ ಉಂಡೆಯಿಂದಲೂ ಅಲ್ಲ. ಮೆತ್ತನೆಯ ಪ್ಲಾಸ್ಟಿಕ್ಕಿನ ಏಡಿಯಿಂದ! ಏಡಿ ಎನ್ನುವುದು ಬಾಯಿಮಾತಿಗೆ. ಮುಂದೆ ಏಡಿಯಂತೆ ಇಕ್ಕಳದ ಕೈ, ಹಿಂದೆ ಸೀಗಡಿಯ ಬಾಲ. ಹೊರದೇಶದ ಹೊಳೆಗಳಲ್ಲಿ ಇಂಥ ಪ್ರಾಣಿ ಇದೆಯಂತೆ, ಕ್ರೇಫಿಶ್ ಎಂದು ಅದರ ಹೆಸರು. ನಮ್ಮ ಕೆರೆಗಳಲ್ಲಿ ಅದಿಲ್ಲ. ಊರು ಬಿಟ್ಟು ಕದಲದ ದೊಡ್ಡೇರಿ ಕಡೆಯ ಮೀನು, ಹುಟ್ಟಿದಾಗಿನಿಂದ ಕಾಣದ ಪರದೇಶದ ಪ್ರಾಣಿಯ ಬೊಂಬೆಗೆ ಬಾಯಿ ಹಾಕೀತು ಎಂದು ನಂಬಿದವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ.

ನನ್ನದು ಸರ್ವೆ ಕೆಲಸ. ನಕ್ಷೆಯಲ್ಲಿ ಕೆರೆ ಎಂದಿರುವ ಕಡೆ ಬಳ್ಳಾರಿ ಜಾಲಿಯ ಕಾಡು ನೋಡಿಯೇ ಅಭ್ಯಾಸ. ಮೊನ್ನೆ ಮೊನ್ನೆಯ ದೊಡ್ಡ ಮಳೆಗೆ ಕೆರೆಗಳೆಲ್ಲ ಕೋಡಿ ಬಿದ್ದಾಗ, ಆ ಜಾಲಿಯೆಲ್ಲ ನಿಂತಲ್ಲೇ ಮುಳುಗಿತು. ಮುಳುಗಿದ ಜಾಲಿಯ ಬುಡದಲ್ಲಿ ಕೊರಮೀನು ಬಂದು ಮನೆ ಮಾಡಿತು. ಹಾವಿನಂಥ ತಲೆ, ಮೈತುಂಬ ಮಚ್ಚೆ, ಬಾಯಿಗೆ ಸಿಕ್ಕ ಮೀನನ್ನೆಲ್ಲ ನುಂಗುವ ಜಾತಿ. ಅದು ನಮ್ಮ ಸೀಮೆಗೆ ಹೇಳಿ ಮಾಡಿಸಿದ ಮೀನು. ನೀರಿನ ಮೇಲೆ ಬಂದು ಗಾಳಿ ಕುಡಿಯುತ್ತದೆ, ಕೆರೆ ಬತ್ತಿದರೆ ಕೆಸರಲ್ಲಿ ಹೂತುಕೊಂಡು ಮುಂದಿನ ಮಳೆಗೆ ಕಾಯುತ್ತದೆ. ಮಳೆಗೆ ಕಾಯುವ ವಿದ್ಯೆಯಲ್ಲಿ ಪಾವಗಡ, ಶಿರಾ, ಕೊರಟಗೆರೆ, ಮಧುಗಿರಿಯವರನ್ನು ಸರಿಗಟ್ಟುವ ಜೀವ ಇದೊಂದೇ ಎಂದು ನನಗೆ ಅದರ ಮೇಲೆ ಅಭಿಮಾನ. ಅಭಿಮಾನ ಇರುವುದಕ್ಕೇ ಅದನ್ನು ಹಿಡಿದು ತಿನ್ನಬೇಕು ಅನ್ನಿಸಿದ್ದು ಮನುಷ್ಯನ ಬುದ್ಧಿ.

ಆದರೆ ನನಗೆ ಮೀನಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ನಮ್ಮತ್ತೆಯ ಬಾಯಿಂದ ಒಂದು ಮಾತು.

ನಮ್ಮತ್ತೆ ಪಾವಗಡದ ಕಡೆಯ ಕ್ಯಾತಗಾನಚೆರ್ಲಿನವರು. ಅವರ ಹೊಲ ಸೋಲಾರ್ ಕರೆಂಟಿನವರಿಗೆ ಗುತ್ತಿಗೆ ಹೋದ ಮೇಲೆ, ಹೊಲಕ್ಕೆ ಹಾಕುತ್ತಿದ್ದ ಶಕ್ತಿಯನ್ನೆಲ್ಲ ನಮ್ಮ ಅಡುಗೆಮನೆಗೆ ಹಾಕುತ್ತಿದ್ದಾರೆ. ಅಳಿಯನ ಮುಖ ನೋಡಿ ಮಾತಾಡುವ ಪದ್ಧತಿ ಅವರಲ್ಲಿಲ್ಲ. ನಾನು ಎದುರಿಗೇ ಕೂತಿದ್ದರೂ, ಸೆರಗು ಎಳೆದುಕೊಂಡು, ಮಗಳ ಕಡೆ ತಿರುಗಿ, "ನಿನ್ ಗಂಡಂಗೆ ಮುದ್ದೆ ಬೇಕಾ ಕೇಳಮ್ಮ" ಎನ್ನುತ್ತಾರೆ. ನನ್ನ ಹೆಂಡತಿ ಭಾಗ್ಯ ಮನೆಯಲ್ಲಿಲ್ಲದಿದ್ದರೆ ಗೋಡೆಗೆ ಹೇಳುತ್ತಾರೆ. ಮದುವೆಯಾದಾಗಿನಿಂದ ಇದೇ ಏರ್ಪಾಡು, ಯಾರಿಗೂ ತೊಂದರೆಯಿರಲಿಲ್ಲ. ಗಾಳದ ಹುಚ್ಚು ಹಿಡಿದ ಮೇಲೆ ಮಾತ್ರ ನನಗೆ ತೊಂದರೆ ಶುರುವಾಯಿತು.

ಭಾನುವಾರ ಬೆಳಿಗ್ಗೆ ನಾನು ಗಾಳದ ಕೋಲು ಕಟ್ಟಿಕೊಂಡು ಬೈಕು ಹತ್ತಿದೆನೆಂದರೆ, ಅತ್ತೆ ಮೀನಿನ ಸಾರಿಗೆ ಮಸಾಲೆ ಅರೆಯಲು ಕೂರುತ್ತಿದ್ದರು. ಅಳಿಯ ಮೀನು ತರುತ್ತೇನೆಂದ ಮೇಲೆ ಮಸಾಲೆ ಸಿದ್ಧವಿರಬೇಕು, ಅದು ಮರ್ಯಾದೆ. ಮಧ್ಯಾಹ್ನ ನಾನು ಒಳಗೆ ಕಾಲಿಟ್ಟೊಡನೆ ನನ್ನ ಚೀಲದ ಕಡೆ ಒಮ್ಮೆ ನೋಡಿ, "ಮೊಟ್ಟೆ ಬೇಯಕ್ಕಿಡಮ್ಮ" ಎನ್ನುತ್ತಿದ್ದರು. ಬೈಗುಳವಿಲ್ಲ, ಕೊಂಕಿಲ್ಲ. ವಾರ ವಾರವೂ ಮೀನಿನ ಮಸಾಲೆಯಲ್ಲಿ ಮೊಟ್ಟೆ ತಿಂದು ತಿಂದು ನನ್ನ ಮಾನ ಕರಗುತ್ತಾ ಬಂತು.

ನಾನು ಹೋಗುತ್ತಿದ್ದ ಕೆರೆಯ ಮೀನನ್ನು ಹರಾಜಿನಲ್ಲಿ ಹಿಡಿದಿರುವ ಗಂಗಣ್ಣ ನನ್ನನ್ನು ಧಾರಾಳವಾಗಿ ಬಿಟ್ಟುಕೊಳ್ಳುತ್ತಿದ್ದ. ಅವನು ಬಿಟ್ಟ ಮರಿಗಳನ್ನು ಕೊರಮೀನು ತಿಂದುಹಾಕುವುದರಿಂದ ಅದನ್ನು ಯಾರು ಹಿಡಿದರೂ ಅವನಿಗೆ ಸಂತೋಷವೇ. "ಅದು ಮಕ್ಳಾಟದ ಸಾಮಾನು ಕಣ್ ಸಾ. ಒಂದ್ ಕಪ್ಪೆ ಸಿಗಿಸಿ, ಹೆಂಗ್ ಬತ್ತದೆ ನೋಡಿ" ಎಂದು ನನ್ನ ಪ್ಲಾಸ್ಟಿಕ್ ಏಡಿಯನ್ನು ನೋಡಿ ಬುದ್ಧಿ ಹೇಳುತ್ತಿದ್ದ. ನಾನು ಕೇಳಲಿಲ್ಲ. ಕೊಕ್ಕೆಯನ್ನು ಏಡಿಯ ಹೊಟ್ಟೆಯೊಳಗೆ ಅಡಗಿಸಿ, ಜಾಲಿಯ ಸಂದಿಗೆ ಎಸೆದು, ತಳ ಮುಟ್ಟಿದ ಮೇಲೆ ಸಣ್ಣಗೆ ಕುಲುಕಿ, ಸುಮ್ಮನೆ ಕಾಯುವುದು. ಏಡಿ ಕೈಯೆತ್ತಿ ಜಗಳಕ್ಕೆ ಕರೆದಂತೆ ಕಾಣಬೇಕು. ಕೊರಮೀನು ಹಸಿವಿಗಿಂತ ಸಿಟ್ಟಿಗೆ ಕಚ್ಚುವುದೇ ಹೆಚ್ಚೆಂದು ನನ್ನ ಸಿದ್ಧಾಂತ. ಕೆಂಪು ಮರಿಗಳ ಗುಂಪು ಮೇಲಾಡುವ ಕಡೆ ಮಾತ್ರ ನಾನು ಎಸೆಯುವುದಿಲ್ಲ. ಅಲ್ಲಿ ತಾಯಿತಂದೆ ಕಾವಲಿರುತ್ತವೆ, ಅವುಗಳ ಸಿಟ್ಟನ್ನು ದುರುಪಯೋಗ ಮಾಡಿಕೊಳ್ಳುವುದು ಸರಿಯಲ್ಲ. ಮಿಕ್ಕವುಗಳಿಗೆ ನನ್ನ ಮೇಲೆ ಸಿಟ್ಟೇ ಬರಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಪೊಟ್ಟಣದ ಏಡಿಗಳು ಒಂದೊಂದಾಗಿ ಜಾಲಿಮುಳ್ಳಿಗೆ ಸಿಕ್ಕಿ ಹರಿದುಹೋಗಿ, ಕೊನೆಗೆ ಒಂದೇ ಒಂದು ಉಳಿಯಿತು.

ಆ ಕೊನೆಯ ಏಡಿಯನ್ನು ಶನಿವಾರ ತೊಳೆದು, ಅಡುಗೆಮನೆಯ ಕಿಟಕಿಯಲ್ಲಿ ತಟ್ಟೆಯ ಮೇಲೆ ಆರಲು ಇಟ್ಟಿದ್ದೆ. ಭಾಗ್ಯಳಿಗೆ ಅವತ್ತು ಜೋರು ನೆಗಡಿ. ನೆಗಡಿಗೆ ಹೊಲದ ಏಡಿಯನ್ನು ಬೆಳ್ಳುಳ್ಳಿ, ಮೆಣಸಿನೊಂದಿಗೆ ಕುಟ್ಟಿ, ರಸ ಸೋಸಿ, ಸಾರು ಮಾಡಿ ಕುಡಿಸುವುದು ನಮ್ಮ ಕಡೆಯ ಮದ್ದು. ಅತ್ತೆ ಕನ್ನಡಕ ಹಾಕಿರಲಿಲ್ಲ. ನಾನು ಹಜಾರದಲ್ಲಿ ಕೂತಿದ್ದಾಗ ಒಳಗಿಂದ ಅವರ ಸಂತೋಷದ ದನಿ ಕೇಳಿತು: "ಮೀನ್ ತರ್ದಿದ್ರೂ ಏಡಿನಾದ್ರೂ ತಂದವ್ರೆ ಕಣಮ್ಮ ನಿನ್ ಗಂಡ!" ಕೇಳಿ ಹಿಗ್ಗಿದೆ. ಏನನ್ನು ಹೊಗಳಿದರು ಎಂದು ಹೊಳೆಯುವಷ್ಟರಲ್ಲಿ ಕುಟ್ಟಾಣಿಯ ಸದ್ದು ಶುರುವಾಗಿತ್ತು.

ಓಡಿಹೋಗಿ ನೋಡಿದರೆ, ಬೆಳ್ಳುಳ್ಳಿ ಮೆಣಸೆಲ್ಲ ನುಣ್ಣಗಾಗಿವೆ, ಏಡಿ ಮಾತ್ರ ಪ್ರತಿ ಏಟಿಗೂ ಎಗರಿ ಎಗರಿ ಕೂರುತ್ತಿದೆ. "ಅಯ್ಯೋ ದೇವುಡಾ, ಎಷ್ಟ್ ಚಚ್ಚುದ್ರೂ ಸಾಯಾಕಿಲ್ಲ ಅಂತದಲ್ಲಮ್ಮ ಇದು!" ಎಂದು ಅತ್ತೆ ಬೆವರುತ್ತಿದ್ದರು. ನಕ್ಕು ನಕ್ಕು ಭಾಗ್ಯಳ ಕಟ್ಟಿದ ಮೂಗು ತಾನಾಗಿಯೇ ಬಿಟ್ಟಿತು. ವಿಷಯ ತಿಳಿದ ಮೇಲೆ ಅತ್ತೆ ಏಡಿಯನ್ನು ತಟ್ಟೆಗೆ ಹಾಕಿ, ಸೆರಗೆಳೆದುಕೊಂಡು ಹಿತ್ತಲಿಗೆ ಹೋದರು. ಅವರು ನಾಚಿಕೊಂಡದ್ದು ನೋಡಿ ನನಗೆ ಸಂಕಟವಾಯಿತು. ನಾಳೆ ಹೇಗಾದರೂ ಮೀನು ತರಲೇಬೇಕು ಎಂದುಕೊಂಡೆ.

ಭಾನುವಾರ, ಒಂದು ಕೈ ಅರ್ಧ ಹರಿದು, ಬೆಳ್ಳುಳ್ಳಿ ಮೆಣಸಿನ ಘಾಟು ಹೊಡೆಯುತ್ತಿದ್ದ ಆ ಏಡಿಯನ್ನೇ ಎಸೆದೆ. ಕುಲುಕುವುದಕ್ಕೂ ಪುರಸೊತ್ತು ಸಿಗಲಿಲ್ಲ. ಗುಬುಕ್ ಎಂದು ನೀರು ಒಡೆದು, ದಾರ ಜಾಲಿಯ ಕಡೆ ಓಡಿತು. "ಬುಡ್ಬ್ಯಾಡಿ ಸಾ! ಜಾಲಿ ಒಳಕ್ ಬುಟ್ರೆ ಹೋಯ್ತು!" ಎಂದು ಗಂಗಣ್ಣ ಏರಿಯ ಮೇಲಿಂದ ಕೂಗಿಕೊಂಡ. ಬಿಡಲಿಲ್ಲ. ತೋಳು ಕಿತ್ತು ಬರುವಂತಾದರೂ ಬಿಡಲಿಲ್ಲ. ದಡಕ್ಕೆ ಬಂದದ್ದು ನನ್ನ ತೊಡೆಗಾತ್ರದ ಕೊರಮೀನು. ಗಂಗಣ್ಣ ಮೀನನ್ನು ಬಿಟ್ಟು ಏಡಿಯನ್ನು ಎತ್ತಿ ಮೂಸಿ, "ಏನ್ ಸಾ, ಒಗ್ಗರಣೆ ವಾಸ್ನೆ?" ಎಂದ. ನಾನು ಫೋಟೋ ತೆಗೆಯಲು ಹೇಳಿದೆ.

ಮನೆಗೆ ಹತ್ತಿರದ ದಾರಿ ಇದೆ. ನಾನು ಬಸ್‌ಸ್ಟ್ಯಾಂಡಿನ ಮುಂದಿಂದ, ಕೋರ್ಟಿನ ಮುಂದಿಂದ, ಚೀಲದ ಹೊರಗೆ ಬಾಲ ಕಾಣುವಂತೆ ನಿಧಾನವಾಗಿ ಬಂದೆ. ಮಧುಗಿರಿ ಬೆಟ್ಟವೂ ಅವತ್ತು ನನ್ನ ಕಡೆ ಬಗ್ಗಿ ನೋಡಿದಂತೆ ಅನ್ನಿಸಿತು.

ಅತ್ತೆ ಚೀಲ ನೋಡಿದರು. ಮೊಟ್ಟೆಯ ಮಾತು ಬರಲಿಲ್ಲ. ಹಂಡೆಯೊಲೆಯ ಬೂದಿ ತಂದು ಮೀನಿಗೆ ಬಳಿದು ಉಜ್ಜಿ, ಕೊಯ್ದು, ಮಸಾಲೆಗೆ ಹಾಕಿದರು. ಕುಟ್ಟಾಣಿಗೆ ಬಿದ್ದ ಏಡಿಗೇ ಮೀನು ಸಿಕ್ಕಿದ್ದನ್ನು ಭಾಗ್ಯಳಿಗೆ ಹೇಳುತ್ತಾ ಊಟಕ್ಕೆ ಕೂತೆ. ಸಾರು ನಾಲಿಗೆಗಿಟ್ಟಾಗ ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಎಂದೆ. ಆಗ ಅತ್ತೆ ಮಗಳ ಕಡೆಗೂ ತಿರುಗದೆ, ಗೋಡೆಯ ಕಡೆಗೂ ತಿರುಗದೆ, ನೆಟ್ಟಗೆ ನನ್ನ ಮುಖ ನೋಡಿದರು.

"ಅಳಿಯಂದ್ರೇ, ಮುಂದಿನ್ ವಾರ ಆ ಏಡಿನ ನನ್ ಕೈಗ್ ಕೊಟ್ಟು ಹೋಗಿ. ಉಪ್ಪು ಹಾಕಾದ್ ಮರ್ತ್‌ಬುಟ್ಟಿದ್ದೆ. ಉಪ್ಪು ಬಿದ್ದಿದ್ರೆ ಇನ್ನೂ ದೊಡ್ಡದು ಬತ್ತಿತ್ತು."

ಈಗ ಹೊಸ ಪೊಟ್ಟಣ ಬಂದಿದೆ, ಅದು ಇರುವುದು ಕುಟ್ಟಾಣಿಯ ಪಕ್ಕದಲ್ಲಿ. ಫೋಟೋ ನೋಡಿದವರು ಯಾರು ಹಿಡಿದದ್ದು ಎಂದು ಕೇಳುತ್ತಾರೆ. ನಮ್ಮತ್ತೆ ಎಂದುಬಿಡುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ. ನಾವು ಹಿಡಿದದ್ದು ಎನ್ನುತ್ತೇನೆ.