ಕಸದ ಚೀಲದಲ್ಲಿ ಕನ್ನಡದ ಆಮಂತ್ರಣ

ಬೆಳಗಿನ ಐದೂವರೆ. ಪೂರ್ವ ಲಂಡನ್ನಿನ ಇಲ್ಫರ್ಡ್‌ನಲ್ಲಿ ಸಾಲುಮನೆಗಳ ಹಿಂದಿನ ಓಣಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಗುರುದೇವಿ ಮೊಣಕಾಲೂರಿ ಕೂತು ಕಪ್ಪು ಚೀಲವೊಂದರ ಗಂಟು ಬಿಚ್ಚುತ್ತಿದ್ದಾರೆ. ಪಕ್ಕದಲ್ಲಿ ನೆನೆದ ಹಾಸಿಗೆ, ಬಾಗಿಲಿಲ್ಲದ ಫ್ರಿಜ್, ಯಾರದೋ ಬಚ್ಚಲುಮನೆಯಿಂದ ಕಿತ್ತ ಟೈಲ್ಸ್. ನಿನ್ನೆಯಷ್ಟೇ ಇದೇ ಜಾಗವನ್ನು ಇವರೇ ಗುಡಿಸಿ ಹೋಗಿದ್ದರು!

"ಕಾರಿನಾಗ ಬಂದು ಒಗದು ಹೋಗತಾರ್ರಿ. ಕಾರು ನೋಡಿದ್ರ ಹೊಸಾದು, ಬುದ್ಧಿ ನೋಡಿದ್ರ..." ಮುಂದಿನ ಬೈಗುಳವನ್ನು ಅವರು ನುಂಗಿಕೊಳ್ಳುತ್ತಾರೆ.

ಇಂಡಿ ತಾಲ್ಲೂಕಿನ ಗುರುದೇವಿಗೆ ಈಗ ಐವತ್ತೆರಡು. ಗಂಡ ಮುರಿಗೆಪ್ಪ ಇಲ್ಲಿನ ಹೋಟೆಲೊಂದಕ್ಕೆ ಅಡುಗೆಯವರಾಗಿ ಬಂದಾಗ ಜೊತೆಗೆ ಬಂದವರು. ಒಂಬತ್ತು ವರ್ಷದಿಂದ ಬೀದಿಬದಿ ಸುರಿದ ಕಸ ಎತ್ತುವ ತಂಡದಲ್ಲಿದ್ದಾರೆ. ದಿನಕ್ಕೆ ಇಪ್ಪತ್ತೆರಡು ಬೀದಿ, ಕಡಿಮೆಯೆಂದರೂ ಎಂಬತ್ತು ಚೀಲ. ಸೋಮವಾರ ನೂರು ದಾಟುತ್ತದೆ. ಸುರಿದವರ ವಿಳಾಸ ಸಿಗುತ್ತದೇನೋ ಎಂದು ಚೀಲದೊಳಗೆ ಕೆದಕಲೂಬೇಕು. ಸಿಕ್ಕರೆ ಇಲ್ಲಿನ ನಗರಸಭೆಯಾದ ಕೌನ್ಸಿಲ್ ಕೇಸು ಹಾಕುತ್ತದೆ. ಮಕ್ಕಳ ಡಯಾಪರ್, ಕೊಳೆತ ಕೋಳಿಮಾಂಸದ ನಡುವೆ ಕೈ ಹೋಗಬೇಕು. ಕನ್ನಡದವರ ಕೂಟದಲ್ಲಿ ಯಾರಾದರೂ ಕೇಳಿದರೆ ಮಾತ್ರ "ಕೌನ್ಸಿಲ್ ಕೆಲಸ" ಎಂದಷ್ಟೇ ಹೇಳುತ್ತಿದ್ದರು.

ಕಳೆದ ಫೆಬ್ರುವರಿಯಲ್ಲಿ ಇದೇ ಓಣಿಯ ಚೀಲವೊಂದರಲ್ಲಿ ಒಡೆದ ಕನ್ನಡಿಯಿತ್ತು. ಅದು ಗ್ಲೌಸನ್ನೂ ಸೀಳಿ ಬಲಗೈಯ ನರ ಕತ್ತರಿಸಿತು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಸುರಿದವರು ಭಾರೀ ಜಾಣರು. ಹೆಸರಿದ್ದ ಬ್ಯಾಂಕಿನ ಇಂಗ್ಲಿಷ್ ಕಾಗದಗಳನ್ನೆಲ್ಲ ಚೂರುಚೂರಾಗಿ ಹರಿದಿದ್ದರು. ಒಂದು ಕಟ್ಟು ಮಾತ್ರ ಹಾಗೇ ಉಳಿದಿತ್ತು. ಹುಬ್ಬಳ್ಳಿಯಲ್ಲಿ ಅಚ್ಚು ಹಾಕಿಸಿ ತರಿಸಿದ ವಾಸ್ತುಶಾಂತಿಯ ಆಮಂತ್ರಣಗಳು, ಮೂಲೆಗೆ ಅರಿಶಿನ ಬೇರೆ. ಮನೆ ನಂಬರು, ಬೀದಿ, ಯಜಮಾನ ವೀರಣ್ಣನ ಹೆಸರು ಎಲ್ಲವೂ ಕನ್ನಡದಲ್ಲಿ. ತಂಡದವರು ತಿರುಗಿಸಿ ನೋಡಿ, ತಿಳಿಯದೆ ಲಾರಿಗೆ ಎಸೆಯಲಿದ್ದರು. ಗುರುದೇವಿ ರಕ್ತ ಸೋರುವ ಕೈ ಅಡ್ಡ ಹಿಡಿದರು.

"ಇಲ್ಲೆ ಕನ್ನಡ ಯಾರು ಓದತಾರ ಅಂತ ತಿಳಕೊಂಡಿದ್ರು. ನಾ ಏಳನೇತ್ತ ತನಕ ಓದೀನ್ರಿ! ಅದ ಮನಿ ಶಾಂತಿಗೆ ನೂರಾ ಐವತ್ತು ಹೋಳಿಗಿ ಲಟ್ಟಿಸಿ ಕೊಟ್ಟಾಕಿ ನಾನ!"

ಆ ಕನ್ನಡ ಓದಿ ಅರ್ಥ ಹೇಳಿದ್ದು ತಾನೇ ಎಂಬ ಹೇಳಿಕೆಗೆ ಗುರುದೇವಿ ಸಹಿ ಹಾಕಿದರಷ್ಟೇ ಕೇಸು ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಕೌನ್ಸಿಲ್‌ನ ನೋಟಿಸು ಕೈಸೇರಿದ್ದೇ ಗುರುದೇವಿಯ "ಕೌನ್ಸಿಲ್ ಕೆಲಸ" ಯಾವುದೆಂದು ವೀರಣ್ಣನಿಗೆ ಹೊಳೆಯಿತು. ಇಲ್ಫರ್ಡ್‌ನ ಕಸದಲ್ಲಿ ಕನ್ನಡ ಓದುವವರು ಇನ್ಯಾರಿದ್ದಾರೆ? ಕರದಂಟಿನ ಡಬ್ಬಿ ಹಿಡಿದು ಮನೆಗೇ ಬಂದ.

"ಅಕ್ಕಾರ, ಅದು ಬಿಲ್ಡರ್ ಮಾಡಿದ್ದು. ಕಸದ ಸಲುವಾಗಿ ನಮ್ಮ ಮಂದೀನ ನೀವು ಹಿಡಕೊಡೋದ?"

"ಬಿಲ್ಡರ್ ಕುಂತು ನಿಮ್ಮ ಬ್ಯಾಂಕಿನ ಕಾಗದ ಹರದನೇನ್ರಿ?" ಎಂದು ಗುರುದೇವಿ ಡಬ್ಬಿಯನ್ನು ವಾಪಸು ಕೊಟ್ಟರು.

ಆಮೇಲೆ ಶುರುವಾಯಿತು ಕೂಟದವರ ಫೋನುಗಳ ಸುರಿಮಳೆ. ದೊಡ್ಡ ಮನಸ್ಸು ಮಾಡಿ, ಬಿಟ್ಟುಬಿಡಿ, ಮರ್ಯಾದಸ್ಥರ ಮನೆತನ. ಅಲ್ಲಾ, ಕೈ ಕೊಯ್ಸಿಕೊಂಡವರೇ ದೊಡ್ಡ ಮನಸ್ಸೂ ಮಾಡಬೇಕೇ? ಬೆರಳು ಹೇಗಿದೆ ಎಂದು ಒಬ್ಬರಾದರೂ ಕೇಳಬೇಡವೇ? ಯುಗಾದಿ ಕೂಟದ ಹೋಳಿಗೆಗೆ ಪ್ರತಿವರ್ಷ ಬರುತ್ತಿದ್ದ ಕರೆ ಈ ಸಲ ಬರಲಿಲ್ಲ. "ನಾಕು ಮಂದಿಯೊಳಗ ಬಾಳಬೇಕಲ್ಲ ನಾವು" ಎಂದು ಮುರಿಗೆಪ್ಪನವರೂ ಅಳುಕಿದರು. ಈ ಊರಿನಲ್ಲಿ ಅವರಿಗೆ ನಮ್ಮವರು ಎಂದು ಇದ್ದದ್ದು ಆ ನಾಲ್ಕು ಮಂದಿಯೇ. ಗುರುದೇವಿ ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ.

"ನಾಳೆ ಅಂಥಾ ಚೀಲದಾಗ ಮತ್ತೊಬ್ಬರ ಕೈ ಹೋಗತೈತಲ್ರಿ," ಎನ್ನುತ್ತಾ ಈಗ ಗಂಟು ಬಿಚ್ಚಿದ ಚೀಲವನ್ನು ಎಡಗೈಯಿಂದಲೇ ಮೆಲ್ಲಗೆ ಅಗಲಿಸುತ್ತಾರೆ. "ನಂದೇನು ದೊಡ್ಡ ಆಸೆ ಇಲ್ಲ. ಗಾಜು ಇದ್ರ ಚೀಲದ ಮ್ಯಾಲ ಬರದಿಡ್ರಿ. ಯಾವ ಭಾಷಾದಾಗರೆ ಬರೀರಿ."

ಸಹಿ ಹಾಕಿದಿರಾ ಎಂದು ಕೇಳಿದರೆ ಮೊದಲ ಸಲ ನಗುತ್ತಾರೆ. ಮಡಚದ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು, ಪೂರ್ತಿ ಹೆಸರು ಬರೆಯಲು ಐದು ನಿಮಿಷ ಬೇಕಾಯಿತಂತೆ.

"ಕನ್ನಡದಾಗ ಹಾಕೀನ್ರಿ. ಯಾರು ಓದತಾರ ಅಂದ್ಕೊಂಡಿದ್ರಲ್ಲ, ಕೋರ್ಟಿನಾಗ ನಿಂತು ಅವರಽ ಓದಲಿ."