ಕೆಸರು ತಿನ್ನದ ಅಂಗಿ

ನನ್ನ ಗಂಡ ಊರಿನ ದೊಡ್ಡ ಉದ್ಯಾನದಲ್ಲಿ ತರಗೆಲೆ ಗುಡ್ಡೆ ಹಾಕಿ ಗೊಬ್ಬರ ಮಾಡುತ್ತಿದ್ದ. ಗೊಬ್ಬರದಣ್ಣ ಅಂತಲೇ ಎಲ್ಲರೂ ಕರೆಯೋರು. ಮಾತು ಕಮ್ಮಿ. ಕೊಳೆಯೋದರ ವಿಷಯ ಬಂದರೆ ಮಾತ್ರ ಬಾಯಿ ಮುಚ್ಚುತ್ತಿರಲಿಲ್ಲ.

"ಸತ್ತದ್ದನ್ನ ತಿನ್ನೋರು ಎಲ್ಲ ಕಡೆ ಒಂದೇ ಅಲ್ಲ ಕಣೇ. ಮರದ ದಿಮ್ಮಿಗೆ ಅಣಬೆ ಬೇಕು. ಹುಲ್ಲಿಗೆ ಎರೆಹುಳ. ಹರಿಯೋ ನೀರಲ್ಲಿ ಬಿದ್ದ ಎಲೆಯನ್ನ ಸಣ್ಣ ಹುಳಗಳು ಕತ್ತರಿಸ್ತವೆ. ಕೊಳದ ತಳದ ಕೆಸರಲ್ಲಿ ಗಾಳಿ ಇಲ್ಲ, ಅಲ್ಲಿರೋವು ಸೋಮಾರಿಗಳು, ಏನನ್ನೂ ಬೇಗ ತಿನ್ನಲ್ಲ."

"ಉಣ್ಣೋ ಹೊತ್ತಲ್ಲಿ ಇದೇ ಮಾತಾ? ತುತ್ತು ಇಳಿಯಲ್ಲ."

"ನಾಳೆ ನಮ್ಮನ್ನ ತಿನ್ನೋರೂ ಅವರೇ. ಈಗಲೇ ಪರಿಚಯ ಮಾಡ್ಕೋ."

ಅರ್ಧ ಕಿವಿಯಲ್ಲಿ ಕೇಳಿದೆ.

ಒಂದು ದಿನ ಉದ್ಯಾನದ ಕೊಳದ ದಂಡೆಯಲ್ಲಿ ಎದೆ ಹಿಡಿದು ಕೂತವನು ಏಳಲಿಲ್ಲ. ಮಣ್ಣು ಮಾಡಿ ಬಂದರೆ ಅವನ ಹತ್ತಿ ಅಂಗಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಗಾಳಿ ಇಲ್ಲದಿದ್ದರೂ ತೋಳು ಅಲುಗೋದು. ನನಗೆ ನಿದ್ದೆ ಹತ್ತಲಿಲ್ಲ. ಯಾರಿಗೂ ಕೊಡೋಕೆ ಮನಸ್ಸಿಲ್ಲ, ಸುಡೋಕೆ ಕೈ ಬರಲಿಲ್ಲ. ಅಂಗಿ ಕರಗಿದರೆ ಅವನು ಹೋಗ್ತಾನೆ, ನಾನು ಮಲಗ್ತೀನಿ ಅನ್ನಿಸಿತು. ಅವನು ಕೂತ ಜಾಗದ ಹತ್ತಿರ ಕೊಳಕ್ಕಿಳಿದು, ಅಂಗಿಯನ್ನ ಕೆಸರೊಳಗೆ ತುಳಿದು ಬಂದೆ.

ಬೇಸಿಗೆಗೆ ನೀರು ಇಳಿಯಿತು. ನಾದಿನಿಗೂ ಅದೇ ಉದ್ಯಾನದಲ್ಲಿ ಕೆಲಸ. ಓಡಿ ಬಂದಳು.

"ಅತ್ತಿಗೇ, ಅಣ್ಣನ ಅಂಗಿ ಕೆಸರಿಂದ ಕೈ ಚಾಚಿದೆ!"

ಹೋಗಿ ನೋಡಿದೆ. ಕಪ್ಪಗಾಗಿತ್ತು, ಒಂದು ಎಳೆಯೂ ಕೊಳೆತಿರಲಿಲ್ಲ.

"ಹೋಗಲ್ಲ ಅಂತಾನೆ ಇವನು."

"ನೀನು ಬಿಟ್ಟರೆ ತಾನೇ ಹೋಗೋದು? ಗೊಬ್ಬರದವನ ಹೆಂಡತಿ ಆಗಿ ಅಂಗೀನ ಕೆಸರಲ್ಲಿ ಉಪ್ಪಿನಕಾಯಿ ಹಾಕಿದ್ದೀಯಲ್ಲ!"

ಅಳುತ್ತಲೇ ನಗು ಬಂತು. ಅವನು ಕಟ್ಟಿದ ಕೊನೆಯ ಗುಡ್ಡೆಯನ್ನ ನಾದಿನಿ ಹಸಿ ಹುಲ್ಲು ಸೇರಿಸಿ ಮಗುಚುತ್ತಲೇ ಇದ್ದಳು. ಅಂಗಿಯನ್ನ ಅದರ ಹೊಟ್ಟೆಗೆ ತುರುಕಿದೆ. ಒಳಗೆ ಬಿಸಿ ಇತ್ತು, ಮಲಗಿದವನ ಮೈ ಥರ. ಕೈ ಬೇಗ ಹೊರಗೆ ಬರಲಿಲ್ಲ.

ಎಲೆ ಉದುರೋ ಕಾಲಕ್ಕೆ ಅಗೆದೆವು. ಬಟ್ಟೆ ಇಲ್ಲ, ಬರೀ ಕರಿಮಣ್ಣು. ಅದರೊಳಗೆ ನೈಲಾನ್ ದಾರ, ತೋಳು ಹರಿದಾಗೆಲ್ಲ ನಾನು ಹಾಕಿದ ಹೊಲಿಗೆ. ತೋಳಿನ ಉದ್ದಕ್ಕೇ ಬಿದ್ದಿತ್ತು.

"ಇದನ್ನ ಯಾವ ಹುಳಾನೂ ತಿನ್ನಲ್ಲ ಅತ್ತಿಗೆ," ಅಂದಳು ನಾದಿನಿ.

ಎಳೆದು ನೋಡಿದೆ. ಗಂಟು ಬಿಚ್ಚಲಿಲ್ಲ. ಗಂಟು ಬಿಗಿ ಹಾಕ್ತೀಯ ಅಂತ ಅವನು ಬೈಯೋನು.

ದಾರ ತಂದು ಅದೇ ಮೊಳೆಗೆ ಹಾಕಿದ್ದೀನಿ. ಅಲುಗುತ್ತೆ, ಗಾಳಿ ಬಂದಾಗ ಮಾತ್ರ.