ತಿಳಿಸಾಹೇಬರ ಕಂಪ್ಯೂಟರಿನ ನೀರು

ನೀರು ಸರಬರಾಜು ಕಚೇರಿಯಲ್ಲಿ ದೂರು ವಿಭಾಗ ನೋಡಿಕೊಳ್ಳುತ್ತಿದ್ದ ಆ ಮನುಷ್ಯನಿಗೆ ಜನ ಇಟ್ಟ ಹೆಸರು ತಿಳಿಸಾಹೇಬರು. ನಲ್ಲಿಯಲ್ಲಿ ಕೆಂಪು ನೀರು ಬರುತ್ತಿದೆ ಎಂದು ಯಾರೇ ಬಂದು ಗೋಳಾಡಿದರೂ ಅವರ ಬಾಯಿಂದ ಹೊರಡುತ್ತಿದ್ದುದು ಎರಡೇ ಮಾತು. ಮೊದಲನೆಯದು, "ಪಾತ್ರೆಯಲ್ಲಿ ಹಿಡಿದಿಡಿ, ತಿಳಿಯಾಗುತ್ತೆ." ಅದಕ್ಕೂ ಬಗ್ಗದವರಿಗೆ, "ಮೇಲಿನವರಿಗೆ ತಿಳಿಸ್ತೀವಿ." ಕೆಟ್ಟವರೇನಲ್ಲ. ಯಾರ ಮೇಲೂ ದನಿ ಏರಿಸಿದವರಲ್ಲ. ಬಂದವರಿಗೆ ಕುರ್ಚಿ ತೋರಿಸಿ, ಫ್ಯಾನು ಹಾಕಿ, ಆಮೇಲೆಯೇ ಬರಿಗೈಯಲ್ಲಿ ಕಳಿಸುತ್ತಿದ್ದರು.

ಅವರ ಜೀವ ಇದ್ದದ್ದು ಮನೆಯ ಮೂಲೆಕೋಣೆಯಲ್ಲಿ. ಚಿಕ್ಕಪ್ಪನ ಮಗನ ಮನೆಯಲ್ಲೊಮ್ಮೆ ನೀರು ಹರಿಸಿ ತಣ್ಣಗಿಡುವ ಕಂಪ್ಯೂಟರ್ ಕಂಡು ಮರುಳಾಗಿ, ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ ತಾವೇ ಜೋಡಿಸಿದ್ದರು. ಗಾಜಿನ ಪೆಟ್ಟಿಗೆ. ಒಳಗೆ ಪುಟ್ಟ ತೊಟ್ಟಿ, ಅದರಡಿ ಪಂಪು, ಅಲ್ಲಿಂದ ಬಳುಕಿ ಹೊರಟ ಪಾರದರ್ಶಕ ಕೊಳವೆಗಳು. ನೀರು ಕಂಪ್ಯೂಟರಿನ ಮಿದುಳಿನ ಮೇಲೆ ಕೂತ ತಾಮ್ರದ ಬಿಲ್ಲೆಯೊಳಗೆ ಹಾದು, ಬಿಸಿ ಹೊತ್ತು, ರೇಡಿಯೇಟರಿನಲ್ಲಿ ಗಾಳಿಗೆ ಆರಿ, ಮತ್ತೆ ತೊಟ್ಟಿಗೆ ಮರಳಬೇಕು. ಇಷ್ಟೆಲ್ಲ ಏರ್ಪಾಡು ಮಾಡಿಕೊಂಡು ಅವರು ಅದರಲ್ಲಿ ಆಡುತ್ತಿದ್ದುದು ಇಸ್ಪೀಟು. ಹೆಂಡತಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಲು ಮರೆತವರು, ಆಟದ ನಡುನಡುವೆ ಪರದೆಯ ಮೂಲೆಗೆ ಕಣ್ಣು ಹಾಯಿಸಿ ಕಂಪ್ಯೂಟರಿನ ಮೈ ಎಷ್ಟು ಬಿಸಿಯಾಗಿದೆ ಎಂದು ವಿಚಾರಿಸಿಕೊಳ್ಳುತ್ತಿದ್ದರು.

ಅದಕ್ಕೆ ಕುಡಿಸುತ್ತಿದ್ದುದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಮಾತ್ರ. ಕ್ಯಾನುಗಟ್ಟಲೆ ಒಯ್ಯುವುದನ್ನು ಕಂಡ ಬ್ಯಾಟರಿ ಅಂಗಡಿಯವನು ಇವರಿಗೆ ಲಾರಿಗಳಿವೆ ಎಂದೇ ನಂಬಿದ್ದ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಹೆಂಡತಿ ಒಮ್ಮೆ ಅಡುಗೆಗೆಂದು ಆ ಕ್ಯಾನಿಗೆ ಕೈ ಹಾಕಿದರು. ಅದು ಕಂಪ್ಯೂಟರಿನದು, ನಮಗೆ ನಲ್ಲಿ ನೀರೇ ಸಾಕು ಎಂದು ಸಾಹೇಬರು ಮೆಲ್ಲಗೆ ಬಿಡಿಸಿಕೊಂಡರು. ಆಕೆ ನಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಒಲೆಗಿಟ್ಟರು.

ಒಂದು ಭಾನುವಾರ ತೊಟ್ಟಿಯ ಗೋಡೆಗೆ ಪಾಚಿ ಹಿಡಿದಿರುವುದು ಕಣ್ಣಿಗೆ ಬಿತ್ತು. ಸಾಹೇಬರು ತಡಮಾಡಲಿಲ್ಲ. ಪ್ಲಗ್ಗು ಕಿತ್ತರು, ಕೆಳಗಿನ ತಿರುಪು ಸಡಿಲಿಸಿ ಪೆಟ್ಟಿಗೆಯನ್ನು ಓರೆಮಾಡಿ ಹಳೆ ನೀರನ್ನೆಲ್ಲ ಬೇಸಿನ್ನಿಗೆ ಇಳಿಸಿದರು. ಕೊಳವೆಗಳನ್ನೂ ತೊಟ್ಟಿಯನ್ನೂ ಉಜ್ಜಿದರು. ರೇಡಿಯೇಟರನ್ನು ಬಚ್ಚಲಿಗೆ ಒಯ್ದು, ಕಾಯಿಸಿದ ನಲ್ಲಿ ನೀರು ತುಂಬಿಸಿ, ಅಲುಗಾಡಿಸಿ, ಕೂಸಿಗೆ ಎರೆದ ಹಾಗೆ ಎರೆದರು. ಕೊನೆಗೆ ಅದನ್ನು ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿಸುವುದು ಕ್ರಮ. ಆದರೆ ಕ್ಯಾನಿನಲ್ಲಿ ಉಳಿದದ್ದು ತುಂಬಿಸಲಿಕ್ಕಷ್ಟೇ ಸಾಲುವಂತಿತ್ತು. ನಲ್ಲಿಯಲ್ಲಿ ಬರುವುದೂ ನಮ್ಮ ಕಚೇರಿಯ ನೀರೇ ತಾನೆ ಎಂದುಕೊಂಡು ಜಾಲಾಡಿಸುವುದನ್ನು ಕೈಬಿಟ್ಟರು. ಮತ್ತೆ ಜೋಡಿಸಿ, ಪ್ರತಿ ಸಂದಿನ ಕೆಳಗೂ ಕಾಗದದ ಕರವಸ್ತ್ರ ಹಾಸಿ, ಪಂಪನ್ನಷ್ಟೇ ಓಡಿಸಿ, ಗುಳ್ಳೆ ಹೋಗುವ ತನಕ ಪೆಟ್ಟಿಗೆಯನ್ನು ಆಚೀಚೆ ವಾಲಿಸಿದರು. ಎಲ್ಲೂ ಒಂದು ಹನಿ ಸೋರಲಿಲ್ಲ.

ವಾರ ಕಳೆಯುವಷ್ಟರಲ್ಲಿ ತೊಟ್ಟಿಯ ನೀರು ಚಹಾದ ಬಣ್ಣಕ್ಕೆ ತಿರುಗಿತು. ಒಂದು ಸಂಜೆ, ರಾಣಿಯ ಎಲೆ ರಾಜನ ಕೆಳಗೆ ಕೂರಬೇಕು ಅನ್ನುವಾಗ, ಕಂಪ್ಯೂಟರ್ ಕಾದು ಕೆಂಡವಾಗಿ ತಾನೇ ಆರಿಹೋಯಿತು. ತಾಮ್ರದ ಬಿಲ್ಲೆ ಬಿಚ್ಚಿ ನೋಡಿದರೆ, ಬಾಚಣಿಗೆಯ ಹಲ್ಲಿಗಿಂತ ಸಣ್ಣ ಸಂದುಗಳ ತುಂಬ ಕೆಂಪು ಕೆಸರು. ಸಾಹೇಬರು ನಲ್ಲಿ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಕಿಟಕಿಯಲ್ಲಿಟ್ಟು, ಊಟ ಮುಗಿಸಿ ಬಂದು ನೋಡಿದರು. ತಳದಲ್ಲಿ ಮಣ್ಣು ಕೂತಿತ್ತು, ಮೇಲಿನದೂ ಕೆಂಪೇ. ಊರಿಗೆಲ್ಲ ಹೇಳಿದ ಉಪಾಯವನ್ನು ಅವರು ತಾವು ಮಾಡಿ ನೋಡಿದ್ದು ಅದೇ ಮೊದಲು.

ಮರುದಿನ ರಜೆ ಹಾಕಿ, ಬಾಯಿಗೆ ಕರ್ಚೀಫು ಅಡ್ಡ ಹಿಡಿದು, ತಮ್ಮದೇ ಕಚೇರಿಗೆ ಫೋನು ಮಾಡಿದರು. ಎತ್ತಿಕೊಂಡದ್ದು ಅವರೇ ತಿದ್ದಿ ತೀಡಿ ತಯಾರು ಮಾಡಿದ ಕಿರಿಯ ಗುಮಾಸ್ತೆ.

"ಪಾತ್ರೆಯಲ್ಲಿ ಹಿಡಿದಿಡಿ ಸರ್, ತಿಳಿಯಾಗುತ್ತೆ."

"ಹಿಡಿದಿಟ್ಟೆ ಕಣಮ್ಮ. ತಿಳಿಯಾಗ್ಲಿಲ್ಲ."

"ಹಾಗಾದ್ರೆ ಮೇಲಿನವರಿಗೆ ತಿಳಿಸ್ತೀವಿ."

"ಯಾರು ಆ ಮೇಲಿನವರು?"

"ನಮ್ಮ ಸಾಹೇಬರು. ಇವತ್ತು ಅವರು ರಜ." ಹುಡುಗಿ ಸಮಾಧಾನದ ದನಿಯಲ್ಲಿ ಸೇರಿಸಿದಳು, "ಹೆದರ್ಬೇಡಿ ಸರ್, ಅವರ ಮನೇಲೂ ಇದೇ ನೀರು. ಒಂದು ದಿನಾನೂ ಏನೂ ಆಗಿಲ್ಲ."

ಇಷ್ಟು ಸೊಗಸಾಗಿ ಕಲಿಸಿದ್ದೇನಲ್ಲ ಎಂದು ಮೊದಲು ಹೆಮ್ಮೆಯಾಯಿತು. ಫೋನು ಇಟ್ಟ ಮೇಲೆ ಮೈ ಉರಿಯತೊಡಗಿತು.

ಮರುದಿನ ಬೆಳಿಗ್ಗೆ ತಮ್ಮ ಮೇಜಿನ ಕಡೆಗೂ ಹೋಗದೆ ನೇರ ಇಂಜಿನಿಯರರ ಮುಂದೆ ನಿಂತರು. ತಮ್ಮ ಬೀದಿಯ ತುದಿಯ ವಾಲ್ವು ತೆರೆದು ಕೊಳವೆ ತೊಳೆಯದ ಹೊರತು ಕದಲುವುದಿಲ್ಲ ಎಂದು ಪಟ್ಟು ಹಿಡಿದರು. ದೂರು ವಿಭಾಗದಿಂದ ಒಂದು ದೂರು ಬಂದದ್ದು ಆ ಇಂಜಿನಿಯರರ ಅನುಭವದಲ್ಲೇ ಇರಲಿಲ್ಲ. ಗಾಬರಿಯಲ್ಲಿ ಆಳುಗಳನ್ನು ಕಳಿಸಿಬಿಟ್ಟರು. ವಾಲ್ವು ತಿರುಗಿಸಿದ್ದೇ ತಡ, ಇಟ್ಟಿಗೆ ಅರೆದು ಕಲಸಿದಂಥ ನೀರು ಬುಸುಗುಟ್ಟಿ ನುಗ್ಗಿತು. ಅಗೆದರೆ ಒಳಗೆ ತುಕ್ಕು ತಿಂದು ಜರಡಿಯಾದ ಕೊಳವೆಯ ತುಂಡು. ಸಂಜೆಯೊಳಗೆ ಅದನ್ನೂ ಬದಲಿಸಿದರು.

ಬೀದಿಗೆ ಬೀದಿಯೇ ನೆರೆದಿತ್ತು. ಕೆಳಗಿನ ಮನೆಯ ನರ್ಸಮ್ಮ ವರ್ಷಗಟ್ಟಲೆ ಕಚೇರಿ ಮೆಟ್ಟಿಲು ತುಳಿದು ಸೋತವರು. ಅವರು ಹತ್ತಿರ ಬಂದು ಕೇಳಿದರು: "ಇಷ್ಟು ವರ್ಷ ನಮ್ಮ ಮಾತು ಕಿವಿಗೇ ಹಾಕ್ಕೊಳ್ಳಲಿಲ್ಲ. ಈಗ ಯಾರ ಮಾತು ಕೇಳಿದ್ರಿ?"

"ಜನರ ಕಷ್ಟ ನೋಡೋಕ್ಕಾಗ್ಲಿಲ್ಲ ನರ್ಸಮ್ಮ," ಎಂದರು ಸಾಹೇಬರು.

ಪಕ್ಕದಲ್ಲಿ ಕೊಡ ಹಿಡಿದು ನಿಂತಿದ್ದ ಹೆಂಡತಿಗೆ ಕೆಮ್ಮು ಬಂತು.

ಸುದ್ದಿ ಹಬ್ಬಿತು. ಬೇರೆ ಬೀದಿಗಳ ಜನ ಗುಂಪುಗುಂಪಾಗಿ ಕಚೇರಿಗೆ ಬಂದು ನಮಗೂ ಹಾಗೇ ಮಾಡಿಕೊಡಿ ಎಂದು ಕೂತರು. ದೊಡ್ಡ ಅಧಿಕಾರಿಗೆ ತಲೆಬಿಸಿಯಾಯಿತು. ಇಷ್ಟೊಂದು ಕಾಳಜಿ ಇರುವ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸುವುದು ಇಲಾಖೆಗೆ ನಷ್ಟ ಎಂದು ಹಾಡಿ ಹೊಗಳಿ, ತಿಳಿಸಾಹೇಬರನ್ನು ಕೊಳವೆ ತೊಳೆಸುವ ಕೆಲಸಕ್ಕೆ ಹಾಕಿದರು.

ಮೊದಮೊದಲು ಅದು ಶಿಕ್ಷೆಯೇ ಆಗಿತ್ತು. ಮೊಣಕಾಲುದ್ದದ ಕೆಸರು, ನೆತ್ತಿ ಸುಡುವ ಬಿಸಿಲು, ಸುತ್ತ ನಿಂತು ಸಲಹೆ ಕೊಡುವ ಜನ. ಬಿಡುವಾದಾಗ ಹಲ್ಲುಜ್ಜುವ ಬ್ರಷ್ಷಿನಿಂದ ತಾಮ್ರದ ಬಿಲ್ಲೆ ಉಜ್ಜಿ, ಹೊಸ ನೀರು ತುಂಬಿ, ಕಂಪ್ಯೂಟರನ್ನು ಸರಿಮಾಡಿದ್ದೇನೋ ನಿಜ. ಆದರೆ ಮನೆಗೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಈಗ ಅದರಲ್ಲಿ ಹೆಂಡತಿ ಪ್ರಶ್ನೆಪತ್ರಿಕೆ ಟೈಪು ಮಾಡುತ್ತಾರೆ. ಎಷ್ಟು ಬಿಸಿಯಾಗಿದೆ ಎಂದು ಆಕೆ ನೋಡುವುದಿಲ್ಲ.

ಒಂದು ಮಧ್ಯಾಹ್ನ ಊರಾಚೆಯ ಕೊನೆಯ ಬೀದಿಯಲ್ಲಿ ವಾಲ್ವು ತೆರೆದು ನಿಂತಿದ್ದರು. ನೀರಿನ ಕೆಂಪು ಇಳಿದು ಹಳದಿಯಾಗಿತ್ತು, ಇನ್ನೂ ಪೂರ್ತಿ ಸ್ವಚ್ಛವಾಗಿರಲಿಲ್ಲ. ಆಳುಗಳು ಸಾಕು ಸರ್, ಊಟಕ್ಕೆ ಹೊರಡೋಣ ಎಂದರು. ಆ ಬೀದಿಯಲ್ಲಿ ಸಾಹೇಬರಿಗೆ ಯಾರ ಪರಿಚಯವೂ ಇರಲಿಲ್ಲ. ಆದರೂ ಬೊಗಸೆಯಲ್ಲಿ ನೀರು ಹಿಡಿದು, ಅಂಗೈಯ ಗೆರೆ ಕಾಣುತ್ತದೆಯೇ ಎಂದು ಬಗ್ಗಿ ನೋಡಿದರು.

"ನೀವು ಹೋಗಿ ಬನ್ನಿ," ಎಂದರು. "ನಾನು ಇಲ್ಲೇ ಇರ್ತೀನಿ."